ದೊಡ್ಡಪತ್ರೆ ಉಪ್ಪು

ಬಾಗಿಲು ತೆರೆದ ಜ್ಯೋತಿಲಕ್ಷ್ಮಿ, ಅಕ್ಕ ವಿಶಾಖಾಳನ್ನು ಒಳಗೆ ಕರೆಯಲಿಲ್ಲ. ವಿಶಾಖಾ ಬ್ಯಾಗಿನಿಂದ ಉಪ್ಪಿನ ಬಾಟ್ಲಿ ತೆಗೆದಳು, ಇನ್ನೂ ಬೆಚ್ಚಗಿತ್ತು. ಒಳಗೆ ಮಲಗಿರುವ ಅಮ್ಮ ನಾಲ್ಕು ದಿನದಿಂದ ಒಂದು ತುತ್ತೂ ಮುಟ್ಟಿಲ್ಲವೆಂದು ಪಕ್ಕದ ಮನೆಯವರು ಫೋನ್ ಮಾಡಿದ್ದು ಬೆಳಿಗ್ಗೆ. ದೊಡ್ಡಪತ್ರೆ ಎಲೆಯನ್ನು ನೆರಳಲ್ಲಿ ಒಣಗಿಸುತ್ತ ಕೂರಲು ಪುರುಸೊತ್ತೆಲ್ಲಿ? ಬಾಣಲೆಯಲ್ಲೇ ಗರಿಗರಿಯಾಗುವವರೆಗೆ ಹುರಿದು, ಬೆರಳು ಸುಟ್ಟುಕೊಂಡು, ಕಲ್ಲುಪ್ಪಿನ ಜೊತೆ ಕುಟ್ಟಿ, ಬಿನ್ನಿಪೇಟೆಯಿಂದ ಹನುಮಂತನಗರಕ್ಕೆ ಆಟೋ ಹಿಡಿದು ಬಂದಿದ್ದಳು.

"ಅಮ್ಮ ಮಾಡ್ತಿದ್ಳಲ್ಲ, ಅದೇ ಉಪ್ಪು. ಗಂಜಿಗೆ ಒಂದು ಚಿಟಿಕೆ ಹಾಕಿ ಕುಡಿಸಿ ನೋಡು. ನಾನು ಒಳಗೆ ಬರಲ್ಲ, ಮುಖಾನೂ ತೋರಿಸಲ್ಲ. ಇದೊಂದು ಮಾಡು, ಜ್ಯೋತಿ."

ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಅಮ್ಮ ಇಬ್ಬರಿಗೂ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಳು. ವಿಶಾಖಾ ಬಗ್ಗಿ ಬಾಟ್ಲಿಯನ್ನು ಹೊಸ್ತಿಲಾಚೆ ನೆಲದ ಮೇಲಿಟ್ಟು ಹಿಂದೆ ಸರಿದಳು. ಜ್ಯೋತಿ ಅದನ್ನು ಎತ್ತಿಕೊಳ್ಳಲಿಲ್ಲ. ಒಳಗಿನಿಂದ ಅಮ್ಮನ ಕೆಮ್ಮು ಕೇಳಿಸಿತು.

"ಎತ್ತಿ ಕೈಗೇ ಕೊಡು," ಎಂದು ಜ್ಯೋತಿ ಕೈ ಚಾಚಿದಳು. "ಮೂರು ವರ್ಷದಿಂದ ಮಾತಿಲ್ಲ ಕತೆಯಿಲ್ಲ. ಆಡೋಕೆ ಇನ್ಯಾವ ಜಗಳ ಉಳಿದಿದೆ, ಅಕ್ಕ?"