ಪ್ರಾರ್ಥನೆ ಮಾಡಿದವರದ್ದೇ ಮೊದಲು

ಕ್ಷೌರದ ಕತ್ತಿ ಕಿವಿಯ ಬುಡಕ್ಕೆ ಬಂದು ನಿಂತಾಗ ಪಾದ್ರಿಗಳಿಗೆ ತಮ್ಮ ವಿಶ್ವಾಸದ ಅಳತೆ ಸಿಕ್ಕಿಬಿಟ್ಟಿತು. ನಿನ್ನೆ ಭಾನುವಾರ ಅವರು ಅಂದುಕೊಂಡಿದ್ದಕ್ಕಿಂತ ಅದು ಬಹಳ ಕಡಿಮೆಯಿತ್ತು.

ನಿನ್ನೆ ಸ್ವಸ್ಥತೆಯ ಪ್ರಾರ್ಥನೆಯ ಹೊತ್ತಿಗೆ ಕ್ಷೌರಿಕ ಮುಂದೆ ಬಂದು ಮಂಡಿಯೂರಿದ್ದ. ಕಣ್ಣಿಗೆ ಪೊರೆ ಬರುತ್ತಿದೆ, ಸದ್ಯಕ್ಕೆ ಕನ್ನಡಕದಲ್ಲಿ ಹೇಗೋ ನಡೆಯುತ್ತಿದೆ, ಮುಂದೆ ಹೇಗೋ ಏನೋ ಎಂದಿದ್ದ. ಪಾದ್ರಿಗಳು ಅವನ ಹಣೆಗೆ ಎಣ್ಣೆ ಹಚ್ಚಿ, ತಲೆಯ ಮೇಲೆ ಕೈಯಿಟ್ಟು ಮನಸಾರೆ ಪ್ರಾರ್ಥಿಸಿದರು. ಆ ಸಭೆಯಲ್ಲೊಂದು ರೂಢಿಯಿತ್ತು: ಗುಣವಾಯಿತು ಅನ್ನಿಸಿದವರು ತಮ್ಮ ಊರುಗೋಲನ್ನೋ ಸೊಂಟದ ಪಟ್ಟಿಯನ್ನೋ ಪೀಠದ ಮೆಟ್ಟಿಲ ಮೇಲೆ ಬಿಟ್ಟುಹೋಗುವುದು. ಕ್ಷೌರಿಕ ಎದ್ದವನೇ ಕನ್ನಡಕ ಬಿಚ್ಚಿ ಮೆಟ್ಟಿಲ ಮೇಲಿಟ್ಟ. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಜಾಗಕ್ಕೆ ಮರಳುವಾಗ ಅವನು ಕಂಬಕ್ಕೆ ಢಿಕ್ಕಿ ಹೊಡೆದು, ಕಂಬಕ್ಕೇ "ಕ್ಷಮಿಸಿ" ಎಂದದ್ದು ಪಾದ್ರಿಗಳ ಗಮನಕ್ಕೆ ಬಂತು. ಅಷ್ಟು ಜನರ ಸಂತೋಷದ ನಡುವೆ ಬಾಯಿ ತೆರೆಯುವ ಧೈರ್ಯ ಮಾತ್ರ ಅವರಿಗೆ ಬರಲಿಲ್ಲ.

ಅದಕ್ಕೇ ಇವತ್ತು ಬೆಳಿಗ್ಗೆ ಕನ್ನಡಕವನ್ನು ಜೇಬಿಗೆ ಹಾಕಿಕೊಂಡು, ಯಾರಿಗೂ ಗೊತ್ತಾಗದ ಹಾಗೆ ಕೊಟ್ಟುಬಿಡೋಣವೆಂದು ಅಂಗಡಿಗೆ ಬಂದಿದ್ದರು. ಬಾಗಿಲಲ್ಲೇ ಕ್ಷೌರಿಕನ ಹೆಂಡತಿ ಪೊರಕೆ ಹಿಡಿದು ಕಾವಲು ನಿಂತಿದ್ದಳು.

"ಇನ್ನೂ ಯಾರನ್ನೂ ಒಳಗೆ ಬಿಟ್ಟಿಲ್ಲ ಪಾದ್ರಿಗಳೇ. ಪ್ರಾರ್ಥನೆ ಮಾಡಿದವರದ್ದೇ ಮೊದಲು ಆಗ್ಲಿ ಅಂತ."

"ಕ್ಷೌರಕ್ಕಲ್ಲಮ್ಮ, ಸುಮ್ನೆ ಮಾತಾಡಿಸ್ಕೊಂಡು ಹೋಗೋಣ ಅಂತ..."

"ಗಡ್ಡ ಬಂದಿದೆಯಲ್ಲ, ಕೂತ್ಕೊಳ್ಳಿ." ಆಮೇಲೆ ದನಿ ತಗ್ಗಿಸಿದಳು. "ಬೆಳಿಗ್ಗೆ ಶೇವಿಂಗ್ ಕ್ರೀಮಲ್ಲಿ ಹಲ್ಲುಜ್ಜಿದ್ದಾರೆ. ಅವರೂ ಬಾಯಿ ಬಿಟ್ಟಿಲ್ಲ, ನಾನೂ ಬಿಟ್ಟಿಲ್ಲ."

ಕುರ್ಚಿಯಲ್ಲಿ ಕೂತಿದ್ದೇ ತಡ, ಕ್ಷೌರಿಕ ಕುತ್ತಿಗೆಗೆ ಬಟ್ಟೆ ಸುತ್ತಿ ನೊರೆ ಬಳಿಯತೊಡಗಿದ. ಅರ್ಧ ನೊರೆ ಕೆನ್ನೆಗೆ ಹೋಯಿತು, ಉಳಿದರ್ಧ ಕಿವಿಗೆ.

"ಹೇಗಿದೆಯಪ್ಪ ಕಣ್ಣು?"

"ಗಾಜು ಒರೆಸಿಟ್ಟ ಹಾಗಿದೆ!" ಎಂದವನೇ ಕತ್ತಿ ಎತ್ತಿ, ಮೊದಲ ಎರಡು ಸಲ ಗಾಳಿಗೇ ಕ್ಷೌರ ಮಾಡಿದ.

ಪಾದ್ರಿಗಳ ಕೈ ಬಟ್ಟೆಯೊಳಗೇ ಜೇಬಿಗೆ ಹೋಯಿತು, ಅಲ್ಲೇ ನಿಂತಿತು. ಅವನ ಮುಖದಲ್ಲಿ ಅಷ್ಟೊಂದು ಖುಷಿ. ಕನ್ನಡಕ ತೆಗೆದರೆ, ನಿನ್ನೆ ತಾವೇ ಕೊಟ್ಟದ್ದನ್ನು ಇವತ್ತು ತಾವೇ ಕಿತ್ತುಕೊಂಡ ಹಾಗೆ. ತೆಗೆಯದಿದ್ದರೆ ಕುತ್ತಿಗೆಯ ಕಥೆ ಗೋವಿಂದ. ಅವರು ಕಣ್ಣು ಮುಚ್ಚಿಕೊಂಡರು. ತುಟಿ ತಾನಾಗಿ ಅಲುಗತೊಡಗಿತು.

ಕತ್ತಿ ನಿಂತಿತು. "ಪ್ರಾರ್ಥನೆ ಮಾಡ್ತಿದ್ದೀರಾ ಪಾದ್ರಿಗಳೇ?"

"ಹೂಂ."

"ಯಾರಿಗೋಸ್ಕರ?"

ಸುಳ್ಳು ಹೇಳಲು ಅವರಿಗೆ ಬರಲಿಲ್ಲ. "ನನಗೋಸ್ಕರ."

ಬಾಗಿಲಲ್ಲಿದ್ದ ಹೆಂಡತಿ ಕಿಸಕ್ಕನೆ ನಕ್ಕಳು. ಪಾದ್ರಿಗಳು ಕನ್ನಡಕ ಹೊರತೆಗೆದು, ಬಟ್ಟೆಯ ಅಂಚಿನಲ್ಲಿ ಒರೆಸಿ, ಅವನ ಕೈಗಿಟ್ಟರು. "ನಿಜ ಹೇಳಪ್ಪ. ಕಾಣ್ಸುತ್ತಾ?"

"ಇಲ್ಲ." ಕ್ಷೌರಿಕ ಉಸಿರುಬಿಟ್ಟ. "ನೀವು ಎಲ್ಲಿ ಮುಗೀತೀರಿ, ಕುರ್ಚಿ ಎಲ್ಲಿ ಶುರುವಾಗುತ್ತೆ ಅನ್ನೋದೇ ಗೊತ್ತಾಗ್ತಿಲ್ಲ."

"ಮತ್ತೆ ಯಾಕೆ ಬಿಚ್ಚಿಟ್ಟೆ?"

"ಅಷ್ಟು ಮನಸ್ಸಿಟ್ಟು ಪ್ರಾರ್ಥನೆ ಮಾಡಿದ್ರಿ. ಎಲ್ರ ಎದುರು ಕನ್ನಡಕ ಹಾಕ್ಕೊಂಡೇ ವಾಪಸ್ ಹೋದ್ರೆ ನಿಮಗೆ ಬೇಜಾರಾಗಲ್ವಾ? ಗುಟ್ಟಾಗಿ ಆಪರೇಷನ್ ಮಾಡಿಸ್ಕೊಂಡು ಬಂದ್ಬಿಡೋಣ, ನಿಮ್ಮ ಮಾತೂ ಉಳಿಯುತ್ತೆ ಅಂತಿದ್ದೆ."

"ನಾನು ನಿನಗೆ ಬೇಜಾರಾಗುತ್ತೆ ಅಂತ ಕುತ್ತಿಗೆ ಒಡ್ಡಿ ಕೂತಿದ್ದೀನಲ್ಲೋ ಪುಣ್ಯಾತ್ಮ!"

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಇಳಿದ ಮೇಲೆ ಪಾದ್ರಿಗಳ ಮುಖ ಸ್ವಲ್ಪ ಬಾಡಿತು. "ಹಾಗಾದ್ರೆ ನಿನ್ನೆ ಏನೂ ಆಗಲಿಲ್ಲ ಅನ್ನು."

"ಯಾರು ಹೇಳಿದ್ದು?" ಕ್ಷೌರಿಕ ಕನ್ನಡಕ ಏರಿಸಿಕೊಂಡ. "ದಿನ ಬೆಳಗಾದ್ರೆ ಊರವರ ತಲೆ ಹಿಡಿಯೋನು ನಾನು. ನನ್ನ ತಲೆ ಮೇಲೆ ಒಬ್ಬರು ಕೈಯಿಟ್ಟಿದ್ದು ಅಪ್ಪ ಹೋದ ಮೇಲೆ ನಿನ್ನೇನೇ. ಆಪರೇಷನ್ ಅಂದ್ರೆ ಕೈಕಾಲು ತಣ್ಣಗಾಗೋದು ನನಗೆ, ಅದಕ್ಕೇ ಮುಂದೂಡ್ತಾನೇ ಇದ್ದೆ. ನೀವು ಕೈ ತೆಗೆಯೋ ಹೊತ್ತಿಗೆ ಆ ಹೆದರಿಕೆ ಇರಲಿಲ್ಲ. ರಾತ್ರಿ ಗೊರಕೆ ಹೊಡೆದು ಮಲಗಿದ್ದೀನಿ. ಬೇಕಿದ್ರೆ ಅವಳನ್ನ ಕೇಳಿ."

"ಹೊಡೆದ್ರು," ಎಂದಳು ಹೆಂಡತಿ. "ನಿದ್ದೆಗೆಟ್ಟಿದ್ದು ನಾನು."

"ಹಾಗಿದ್ರೆ ಗುಟ್ಟು ಯಾಕೆ? ಬರೋ ಭಾನುವಾರ ಎಲ್ರ ಎದುರು ಹೇಳು, ಪ್ರಾರ್ಥನೆ ಮಾಡೇ ಆಸ್ಪತ್ರೆಗೆ ಕಳಿಸ್ತೀವಿ," ಎಂದರು ಪಾದ್ರಿಗಳು. ಎದೆಯ ಮೇಲಿದ್ದ ಕಲ್ಲು ಇಳಿದಿತ್ತು.

ಕ್ಷೌರಿಕ ಈಗ ಅವರನ್ನು ಸರಿಯಾಗಿ ನೋಡಿದ. "ಅಯ್ಯೋ ದೇವರೇ, ಕಿವಿಯೊಳಗೆಲ್ಲ ನೊರೆ ತುಂಬಿದ್ದೀನಲ್ಲ!" ಟವೆಲ್ ತಂದು ಒರೆಸಿದ. ಆಮೇಲೆ ಎಂದಿನಂತೆ ಎಡಗೈಯನ್ನು ಅವರ ನೆತ್ತಿಯ ಮೇಲಿಟ್ಟು, ತಲೆಯನ್ನು ಮೆಲ್ಲಗೆ ಬೆಳಕಿನ ಕಡೆ ತಿರುಗಿಸಿದ. ಅಗಲವಾದ, ಬೆಚ್ಚನೆಯ ಕೈ. ಎಷ್ಟೋ ವರ್ಷಗಳಿಂದ ಸೋಮವಾರ ಸೋಮವಾರ ಈ ಕೈ ತಮ್ಮ ತಲೆಯ ಮೇಲೆ ಬರುತ್ತಲೇ ಇತ್ತು ಎಂಬುದು ಪಾದ್ರಿಗಳಿಗೆ ಈಗ ಹೊಳೆಯಿತು.

"ಸ್ವಲ್ಪ ಹೊತ್ತು ಹಾಗೇ ಇಟ್ಟಿರಪ್ಪ," ಎಂದರು.

ಅವನು ಇಟ್ಟ. ಸ್ವಲ್ಪ ಹೊತ್ತಿನ ಮೇಲೆ ಕತ್ತಿ ಮತ್ತೆ ಕಿವಿಯ ಬುಡಕ್ಕೆ ಬಂತು. ಈ ಸಲ ಪಾದ್ರಿಗಳು ಪ್ರಾರ್ಥನೆ ಮಾಡದೆಯೇ ಕಣ್ಣು ಮುಚ್ಚಿ, ಗದ್ದ ಎತ್ತಿದರು.