ಮುಖ ತೊಳೆದ ನಾಣ್ಯ

ಕ್ಯಾಮೆರಾ ಅಂಗಡಿಯ ಮೇಜಿನ ಮೇಲೆ ಬಟ್ಟೆಯ ಚೂರನ್ನು ಬಿಚ್ಚಿದ ಕೂಡಲೇ ದರ್ಜಿಯ ಕೈ ನಿಂತುಹೋಯಿತು. ತಾನು ಕೂಡಿಟ್ಟ ನಾಣ್ಯಗಳ ಫೋಟೋ ತೆಗೆಯಲು ಕ್ಯಾಮೆರಾ ಕೊಳ್ಳುವ ಮೊದಲು, ಯಾವುದರಲ್ಲಿ ಚೆನ್ನಾಗಿ ಬರುತ್ತದೋ ನೋಡೋಣವೆಂದು ತಂದಿದ್ದ ಹಳೆಯ ತಾಮ್ರದ ನಾಣ್ಯ ಕನ್ನಡಿಯಂತೆ ಫಳಫಳ ಹೊಳೆಯುತ್ತಿತ್ತು.

“ಫೋಟೋ ತೆಗೆಸ್ಕೊಳ್ಳೋಕೆ ಯಾರಾದ್ರೂ ಮುಖ ತೊಳೀದೆ ಹೋಗ್ತಾರಾ? ಬೆಳಿಗ್ಗೆ ಟೂತ್‌ಪೇಸ್ಟ್ ಹಾಕಿ ಉಜ್ಜಿದೆ,” ಎಂದಳು ಜೊತೆಗೆ ಬಂದಿದ್ದ ಹೆಂಡತಿ.

“ಹಳೇ ನಾಣ್ಯ ಉಜ್ಜಬಾರದು ಕಣೇ. ಆ ಕಪ್ಪೇ ಅದರ ವಯಸ್ಸು. ಇನ್ನು ಇದನ್ನ ಯಾರೂ ಮೂಸಿ ನೋಡಲ್ಲ.” ಅವನ ಮುಖ ಹರಳೆಣ್ಣೆ ಕುಡಿದಂತಾಯಿತು.

ಅಂಗಡಿಯವ ಒಂದೊಂದೇ ಕ್ಯಾಮೆರಾದಲ್ಲಿ ನಾಣ್ಯವನ್ನು ತೆಗೆದು ತೋರಿಸುತ್ತಾ ಹೋದ. ಒಂದರಲ್ಲಿ ಹತ್ತಿರ ಹೋದರೆ ಮಸುಕು, ಇನ್ನೊಂದರಲ್ಲಿ ಬೆಳಕು ಬಡಿದು ಬರೀ ಬಿಳುಪು. ದರ್ಜಿ ಎಲ್ಲಕ್ಕೂ ಬೇಡವೆಂದು ತಲೆಯಾಡಿಸಿದ. ಕೊನೆಯ ಕ್ಯಾಮೆರಾದ ಚಿತ್ರವನ್ನು ಅಂಗಡಿಯವ ಪರದೆಯ ಮೇಲೆ ದೊಡ್ಡದು ಮಾಡಿದ. ನಾಣ್ಯದಲ್ಲಿ ಅಚ್ಚೊತ್ತಿದ್ದ ರಾಜನ ಮೂಗಿನ ಮುಂದಿನ ಖಾಲಿ ಜಾಗದಲ್ಲಿ, ನಾಣ್ಯದತ್ತ ಬಗ್ಗಿದ್ದ ಗಂಡ ಹೆಂಡಿರ ಮುಖಗಳೆರಡೂ ಮೂಡಿದ್ದವು. ಅವಳು ತುಟಿ ಕಚ್ಚಿ ನಗು ತಡೆಯುತ್ತಿದ್ದಳು. ಪಕ್ಕದಲ್ಲಿ ಅವನ ಸೊಟ್ಟ ಮೋರೆ.

ದರ್ಜಿ ಪರದೆಯನ್ನು ಇನ್ನೊಮ್ಮೆ ಬಗ್ಗಿ ನೋಡಿದ.

“ಇದೇ ಕ್ಯಾಮೆರಾ ಇರಲಿ. ಆದ್ರೆ ಇನ್ನೊಂದು ಸಲ ತೆಗೀರಿ,” ಎಂದ. “ಈ ಸಲ ನಾನೂ ನಗ್ತೀನಿ.”