ಹಿರಿಯರ ಸರದಿ

“ವಿನಯ ಅಂದ್ರ ಬರೇ ಕಾಲು ಮುಟ್ಟೂದಲ್ಲ, ದೊಡ್ಡವರಿಗೆ ಜಾಗಾ ಬಿಟ್ಟು ನಿಲ್ಲೂದು” ಎಂದು ಹದಿನಾಲ್ಕು ವರ್ಷ ನನ್ನ ಶಿಷ್ಯನಿಗೆ ಹೇಳಿಕೊಟ್ಟವನು ನಾನೇ.

ಆ ಸಂಜೆ ಒಂದೇ ವೇದಿಕೆಯಲ್ಲಿ ನಮ್ಮಿಬ್ಬರ ಗಾಯನವಿತ್ತು. ಹೆಂಡತಿ ಹಾಸಿಗೆ ಹಿಡಿದಿದ್ದ ಎರಡು ವರ್ಷ, ಅವಳ ಪಕ್ಕ ಕೂತು ನಾನು ಕಟ್ಟಿದ ‘ಕದ ತೆರೆದೇ ಇದೆ’ ಎಂಬ ಬಂದಿಶನ್ನು ಮೊದಲ ಸಲ ಜನರ ಮುಂದೆ ಹಾಡುವವನಿದ್ದೆ. ಅದು ಗೊತ್ತಿದ್ದದ್ದು ಶಿಷ್ಯನೊಬ್ಬನಿಗೇ.

“ಮೊದಲ ನಾ ಹಾಡಿಬಿಡ್ತೀನೋ. ಹೊತ್ತಾದ್ರ ದನಿ ಏರಂಗಿಲ್ಲ” ಎಂದೆ.

“ಎಲ್ಲೆರ ಉಂಟೇನ್ರಿ ಗುರುಗಳ? ಹಿರಿಯರು ಕಡೀಗೆ ಹಾಡೂದು ಪದ್ಧತಿ. ನಿಮ್ದು ಆದಮ್ಯಾಲೆ ಹಾಡಿ ನಾ ಹಿರಿಯಾ ಅನ್ನಿಸ್ಕೊಳ್ಳಲೇನು?”

ಅವನ ಕಣ್ಣಲ್ಲಿ ನೀರಿತ್ತು. ನನಗೆ ಎದೆಯುಬ್ಬಿತು. ಒಪ್ಪಿದೆ.

ಪರದೆ ಸರಿದ ಮೇಲೆ ಅವನು ವೇದಿಕೆಯಿಂದ ಇಳಿದು ಬಂದು, ಮೊದಲ ಸಾಲಿನಲ್ಲಿ ಕೂತಿದ್ದ ನನ್ನ ಕಾಲಿಗೆ ಹಣೆ ಹಚ್ಚಿದ.

“ಅಪ್ಪಣೆ ಕೊಡ್ರಿ.”

“ಹಾಡಪಾ” ಎಂದು ತಲೆಯ ಮೇಲೆ ಕೈಯಿಟ್ಟೆ. ಸಭೆಯೆಲ್ಲ ಚಪ್ಪಾಳೆ ತಟ್ಟಿತು.

“ಇಂಥಾ ಶಿಷ್ಯಾ ಸಿಗಬೇಕಂದ್ರ ಪುಣ್ಯಾ ಬೇಕ್ರಿ” ಎಂದರು ಪಕ್ಕದವರು. ನಾನು ಹೌದೆಂದು ತಲೆಯಾಡಿಸಿದೆ.

ಅವನು ತಂಬೂರಿಯ ಶ್ರುತಿಗೆ ಕಿವಿಗೊಟ್ಟು, ತೃಪ್ತಿಯಾದ ಮೇಲೆ ಮೈಕಿನತ್ತ ಬಾಗಿದ.

“ಗುರುಗಳ ಅಪ್ಪಣೆ ಆತು. ಮೊದಲ, ನಾನ ಕಟ್ಟಿದ ಒಂದು ಹೊಸಾ ಬಂದಿಶ್ ಕೇಳ್ರಿ, ‘ಕದ ತೆರೆದೇ ಇದೆ’.”